ಹುಂಜಕ್ಕೆ ಹತ್ತಿ ತುಂಬಿದ ವರ್ಷ

ಕಳೆದ ವಾರ ಸೇಡಂ ಬಸ್ ನಿಲ್ದಾಣದಲ್ಲಿ ಚಿತ್ತಾಪುರದ ಬಸ್ಸು ಹತ್ತಿ ಕುಳಿತಿದ್ದೆ. ಮಳೆ ಆಗತಾನೇ ಹೊಡೆದು ನಿಂತಿತ್ತು. ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗ ಒಬ್ಬ ಹೆಣ್ಣುಮಗಳು ಬಿದಿರಿನ ಬುಟ್ಟಿ ಹೊತ್ತುಕೊಂಡು ಒಳಗೆ ಬಂದಳು. ಬುಟ್ಟಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿತ್ತು. ಒಳಗೆ ಕೋಳಿಗಳು ತೊಯ್ದು ತೊಪ್ಪೆಯಾಗಿ ಗೊಣಗುತ್ತಿದ್ದವು. ಒದ್ದೆ ಪುಕ್ಕದ ವಾಸನೆ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನವರು ಕಿಟಕಿ ತೆಗೆದರು, ನನ್ನ ಪಕ್ಕದವರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನೊಬ್ಬಳೇ ಎದೆ ತುಂಬ ಉಸಿರೆಳೆದುಕೊಂಡು ನಗುತ್ತ ಕುಳಿತಿದ್ದೆ.

"ನಿಮಗ ವಾಸನಿ ಬರ್ಲಿಕತ್ತಿಲ್ಲೇನ್ರಿ?" ಎಂದು ಪಕ್ಕದವರು ಕೇಳಿದರು.

"ಭಾಳ ಬರ್ಲಿಕತ್ತದ್ರಿ," ಎಂದೆ. ಅವರು ಸ್ವಲ್ಪ ಆಚೆ ಸರಿದು ಕುಳಿತರು.

ಆ ವಾಸನೆಗೂ ನನಗೂ ಹಳೆಯ ಸ್ನೇಹ. ಕೆಲವು ವರ್ಷಗಳ ಹಿಂದೆ, ನಾವಿನ್ನೂ ಶಹಾಬಾದದಲ್ಲಿದ್ದಾಗ, ಒಂದು ಬೇಸಿಗೆಯನ್ನೂ ಅದರ ಬೆನ್ನಿಗೆ ಬಂದ ಮಳೆಗಾಲವನ್ನೂ ನಾನು ಸತ್ತ ಕೋಳಿಗಳ ಜೊತೆ ಕಳೆದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದವಳು ನಾನು. ಸೇರಿದ ಮನೆಯಂತೂ ಆಚಾರದಲ್ಲಿ ಇನ್ನೂ ಒಂದು ಕೈ ಮೇಲು. ಅಂಥ ಮನೆಯ ಹಿತ್ತಲಲ್ಲಿ ಕುಳಿತು, ಹಕ್ಕಿಯ ಚರ್ಮ ಬಿಡಿಸಿ, ಹದ ಮಾಡಿ, ಒಳಗೆ ತಂತಿ, ಹತ್ತಿ ತುಂಬಿ ಜೀವ ಇದ್ದಂತೆ ನಿಲ್ಲಿಸುವ ವಿದ್ಯೆಯನ್ನು ಗುರುವಿಲ್ಲದೆ ಕಲಿತೆ. ಕಲಿತೆ ಅನ್ನುವುದು ದೊಡ್ಡ ಮಾತಾಯಿತು. ಕಲಿಯಲು ಹೋಗಿ ಬೈಸಿಕೊಂಡೆ, ನಗಿಸಿದೆ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ಖುಷಿಯಿಂದ ಬೇರೆ ಯಾವ ವರ್ಷವನ್ನೂ ಕಳೆದ ನೆನಪಿಲ್ಲ.

ಆಗ ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮವರಿಗೆ ಚಿತ್ತಾಪುರದ ಒಂದು ಕಚೇರಿಯಲ್ಲಿ ಕೆಲಸ. ಬೆಳಗಾದರೆ ಅವರು ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ. ಕಾಚಬಿಂದು ಆಗಿ ಅವರ ಕಣ್ಣು ಪೂರ್ತಿ ಹೋಗಿ ಬಹಳ ಕಾಲವಾಗಿತ್ತು. ಹಗಲು ಯಾವುದು, ಕತ್ತಲೆ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ. ಆದರೂ ಮಡಿ ಬಿಟ್ಟವರಲ್ಲ. ಬೆಳಗಿನ ಜಾವ ಎದ್ದು ಸ್ನಾನ ಮಾಡಿ, ಮಡಿಸೀರೆ ಉಟ್ಟು ಹಿತ್ತಲ ಕಟ್ಟೆಯ ಮೇಲೆ ಕುಳಿತರೆ ಮಧ್ಯಾಹ್ನದವರೆಗೆ ಬತ್ತಿ ಹೊಸೆಯುತ್ತಿದ್ದರು. ತೆಂಗಳಿಯಲ್ಲಿರುವ ನನ್ನ ನಾದಿನಿಯ ಮನೆಯವರು ಪ್ರತಿವರ್ಷ ಹೊಲದ ಹೊಸ ಹತ್ತಿ ಕಳಿಸುತ್ತಿದ್ದರು. ಅದರಲ್ಲಿ ಕಸ ಆರಿಸಿ, ಬಿಡಿಸಿ, ಹೂಬತ್ತಿ, ಗೆಜ್ಜೆವಸ್ತ್ರ ಎಲ್ಲ ಬೆರಳಿನ ಅಂದಾಜಿನಲ್ಲೇ ಮಾಡುತ್ತಿದ್ದರು. ಮಡಿಯಲ್ಲಿರುವಾಗ ಅವರ ಕೈಗೆ ನೇರವಾಗಿ ಏನನ್ನೂ ಕೊಡುವಂತಿರಲಿಲ್ಲ. ನೆಲದ ಮೇಲೆ ಇಡಬೇಕು, ಅವರು ತೆಗೆದುಕೊಳ್ಳಬೇಕು. ಅವರು ಕೊಡುವಾಗಲೂ ಹಾಗೆಯೇ.

ಹಿತ್ತಲಿಗೆ ಎದೆಮಟ್ಟದ ಗೋಡೆ. ಆಚೆ ದೇವಮ್ಮನ ಮನೆ. ಅವರ ಹಿರಿಯರು ಹೊಳೆದಂಡೆಯಲ್ಲಿ ದೋಣಿ ನಡೆಸಿಕೊಂಡಿದ್ದವರಂತೆ. ಈಗ ಗಂಡ ಭಂಕೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವ ಕಡೆ ಹೋಗುತ್ತಿದ್ದ, ದೇವಮ್ಮ ಹೊಲದ ಕೆಲಸಕ್ಕೆ. ಅವಳು ಸಾಕಿದ ಜವಾರಿ ಹುಂಜವೊಂದಿತ್ತು. ಅದು ಕೂಗಿದ ಸ್ವಲ್ಪ ಹೊತ್ತಿಗೇ ಗೂಡ್ಸ್ ಗಾಡಿ ಹಾರ್ನ್ ಹೊಡೆಯುತ್ತಿದ್ದುದರಿಂದ, ಗಾಡಿ ಬಿಡುವವನೇ ಇವನು ಎಂದು ದೇವಮ್ಮನ ಗಂಡ ಅದಕ್ಕೆ ಗಾರ್ಡ್ ಎಂದು ಹೆಸರಿಟ್ಟಿದ್ದ. ಗಾರ್ಡನ ಕೂಗೇ ಅತ್ತೆಗೆ ಗಡಿಯಾರ. ಅವನು ಕೂಗಿದ ಮೇಲೆ ಏಳುವುದು, ಸ್ನಾನ. ಬಿಸಿಲೇರಿದ ಮೇಲೆ ಅವನು ಗೋಡೆ ಹಾರಿ ನಮ್ಮ ಹಿತ್ತಲಿಗೆ ಬರುತ್ತಿದ್ದ. ಫರ್ಸಿಯ ಮೇಲೆ ಅವನ ಉಗುರಿನ ಸಪ್ಪಳ ಕೇಳಿದ ಕೂಡಲೇ ಅತ್ತೆ ಪಕ್ಕದ ಬಟ್ಟಲಿನಿಂದ ಜೋಳ ಎರಚುತ್ತಿದ್ದರು.

"ಬಂದೇನಪಾ ಗಾರ್ಡ? ಅಲ್ಲೇ ನಿಂದ್ರು. ನಾ ಮಡೀಲೆ ಅದೀನಿ, ಮುಟ್ಟಬ್ಯಾಡ," ಎಂದು ಸೀರೆಯ ನೆರಿಗೆ ಎಳೆದುಕೊಳ್ಳುವರು. ಗಾರ್ಡ್ ಒಂದು ಕೂಗು ಹಾಕುವನು. "ಎದುರು ಮಾತಾಡಬ್ಯಾಡ ನೋಡು," ಎಂದು ಅತ್ತೆ. ಇದು ದಿನದ ಜಗಳ. ನಾನು ಕೆಲಸಕ್ಕೆ ಹೊರಡುವ ಮುನ್ನ ಚಹಾ ಕುಡಿಯುತ್ತ ಇದನ್ನು ಕೇಳುತ್ತಿದ್ದೆ.

ನನಗೆ ಈ ಹುಚ್ಚು ಹತ್ತಿದ್ದು ಶಾಲೆಯ ಗಾಜಿನ ಕಪಾಟಿನಿಂದ. ಆ ವರ್ಷ ಪರೀಕ್ಷೆಗಳು ಮುಗಿದ ಮೇಲೆ ಪ್ರಯೋಗಶಾಲೆ ಸ್ವಚ್ಛ ಮಾಡುವ ಸರದಿ ನನ್ನದಾಗಿತ್ತು. ಕಪಾಟಿನ ಮೂಲೆಯಲ್ಲಿ, ಯಾವ ಕಾಲದಲ್ಲಿ ಯಾರು ತಂದಿಟ್ಟರೋ, ಹುಳು ತಿಂದು ಬೋಳಾದ ಒಂದು ಪಾರಿವಾಳ ನಿಂತಿತ್ತು. ಧೂಳು ಒರೆಸಲು ಹೋದರೆ ಅದರ ತಲೆ ನನ್ನ ಕೈಗೇ ಬಂತು. ಗಾಬರಿಯಾಗಿ ಕುತ್ತಿಗೆಯೊಳಗೆ ಇಣುಕಿದೆ. ಒಳಗೆ ಹಕ್ಕಿಯೇ ಇರಲಿಲ್ಲ. ಒಣಹುಲ್ಲು, ದಾರದ ಸುತ್ತು, ತುಕ್ಕು ಹಿಡಿದ ತಂತಿ. ಇಷ್ಟು ವರ್ಷ ಮಕ್ಕಳಿಗೆ ಪಾರಿವಾಳ ಎಂದು ತೋರಿಸುತ್ತ ಬಂದದ್ದು ಬರೀ ಒಂದು ಅಂಗಿ. ಆ ಅಂಗಿಯನ್ನು ಯಾರೋ ಎಷ್ಟು ಜೋಪಾನವಾಗಿ ಬಿಚ್ಚಿ, ಎಷ್ಟು ಜೋಪಾನವಾಗಿ ಮತ್ತೆ ತೊಡಿಸಿದ್ದರು. ಇದನ್ನು ನಾನೂ ಮಾಡಬೇಕು ಅನಿಸಿತು, ಅಷ್ಟೆ.

ಕಾಡುಹಕ್ಕಿ ಮುಟ್ಟುವಂತಿಲ್ಲ, ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ, ಅದು ಕಾಯಿದೆ. ಆ ಬೇಸಿಗೆಯಲ್ಲೇ ಒಂದು ಮುಂಜಿಗೆಂದು ಚಿಂಚೋಳಿಗೆ ಹೋಗಿ ಮರಳುವಾಗ, ಕಾಡಿನ ಅಂಚಿನ ರಸ್ತೆಯಲ್ಲಿ ಕರೆಂಟ್ ತಂತಿಯ ಕೆಳಗೆ ಒಂದು ನೀಲಕಂಠ ಹಕ್ಕಿ ಸತ್ತು ಬಿದ್ದಿತ್ತು. ನಮ್ಮವರು ಗಾಡಿ ನಿಲ್ಲಿಸಿ, "ತಗೋ, ದೇವರೇ ಕಳಿಸ್ಯಾನ ನಿನಗ," ಎಂದರು. ಕಾಯಿದೆ ಹೇಳಿದೆ. "ಹಂಗಾರ ನೋಡಿಕೊಂಡರ ಬಾ," ಎಂದು ಗಾಡಿ ಆರಿಸಿದರು. ಕೈಕಟ್ಟಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ಚಾಚಿದ ರೆಕ್ಕೆಯಲ್ಲಿ ಎಷ್ಟು ಬಗೆಯ ನೀಲಿ ಇತ್ತೆಂದರೆ ಏಳಲು ಮನಸ್ಸೇ ಬರಲಿಲ್ಲ. ಕೊನೆಗೆ ಒಂದು ಮುತ್ತುಗದ ಎಲೆ ಮುಚ್ಚಿ ಬಂದೆ. ಹೀಗೆ ನನ್ನ ಪಾಲಿಗೆ ಉಳಿದದ್ದು ಊರ ಕೋಳಿ.

ವಾಡಿಯಲ್ಲಿ ಬಾಬುಮಿಯಾ ಎಂಬವರ ಕೋಳಿ ಅಂಗಡಿ ಇತ್ತು. ಅಂಥ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ನಡೆದವಳೇ ಹೊರತು ನಿಂತವಳಲ್ಲ. ಹೋಗಿ, "ಒಂದು ಇಡೀ ಕೋಳಿ ಕೊಡ್ರಿ," ಎಂದು ಹೇಳಿ, ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತೆ. ಕರಿಯ ಚೀಲ ಕೊಟ್ಟರು. ಅದನ್ನು ಮೈಯಿಂದ ದೂರ ಹಿಡಿದುಕೊಂಡು ಶಹಾಬಾದಕ್ಕೆ ತಂದು, ಹಿತ್ತಲಿನ ಕಟ್ಟಿಗೆ ಖೋಲಿಯಲ್ಲಿ, ಮೊಬೈಲಿನಲ್ಲಿ ಹೊರದೇಶದ ಒಬ್ಬ ಸಾಹೇಬರ ವಿಡಿಯೊ ಹಚ್ಚಿಟ್ಟು, ದೇವರ ಹೆಸರು ಹೇಳಿ ಚೀಲ ಬಿಚ್ಚಿದೆ. ಒಳಗೆ ಕೋಳಿ ಇಡಿಯಾಗಿಯೇ ಇತ್ತು. ಚರ್ಮ, ಪುಕ್ಕ, ತಲೆ, ಕಾಲು ಬಿಟ್ಟು. ನಮ್ಮ ಕಡೆ ಚರ್ಮ ಸುಲಿದೇ ಕೊಡುತ್ತಾರೆಂಬುದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಗೋಡೆಯ ಮೇಲಿಂದ ಚೀಲವನ್ನು ದೇವಮ್ಮನಿಗೆ ದಾಟಿಸಿದೆ. "ಟೀಚರ್, ನೀವು ದಿನಾ ಹಿಂಗ ಕಲೀರಿ," ಎಂದು ಅವಳು ಆಶೀರ್ವಾದ ಮಾಡಿದಳು.

ಮರುದಿನ ಬಾಬುಮಿಯಾ ಅವರ ಮುಂದೆ ಎಲ್ಲ ಬಿಚ್ಚಿ ಹೇಳಿದೆ. ಅವರು ಚಾಕು ಕೆಳಗಿಟ್ಟು ಕೇಳಿದರು. "ಅಂದ್ರ ನಿಮಗ ಗೋಶ್ತ್ ಬ್ಯಾಡ. ನಾವು ಕಚರಾ ಅಂತ ಬಿಸಾಕ್ತೀವಲ್ಲ, ಅದು ಬೇಕು."

"ಹೌದ್ರಿ. ಬಿಸಿನೀರಾಗ ಅದ್ದಬ್ಯಾಡ್ರಿ. ನಾನೇ ಇಲ್ಲೆ ಕುಂತು ಬಿಡಿಸ್ಕೋತೀನಿ."

"ಎಲ್ಲಾರೂ ಒಳಗಿಂದು ಒಯ್ತಾರ, ನೀವು ಹೊರಗಿಂದು ಒಯ್ತೀರಿ. ಬರ್ರಿ ಮೇಡಂ, ಕುಂದ್ರಿ. ನಮ್ ನಿಮ್ ಧಂದಾ ಛಲೋ ಜಮಾಸ್ತದ," ಎಂದು ಅಂಗಡಿಯ ಹಿಂದೆ ಒಂದು ಸ್ಟೂಲು ಹಾಕಿಕೊಟ್ಟರು.

ಮೊದಲ ಗೀರು ಎಳೆಯುವಾಗ ಕಣ್ಣು ಅರೆ ಮುಚ್ಚಿಕೊಂಡಿದ್ದೆ. ಆಮೇಲೆ ಬೆರಳು ಚರ್ಮದ ಕೆಳಗೆ ಹೋದಾಗ, ನೆನೆಸಿದ ಬಾದಾಮಿಯ ಸಿಪ್ಪೆಯಂತೆ ಅದು ತಾನಾಗಿ ಬಿಟ್ಟುಕೊಂಡು ಬರತೊಡಗಿತು. ಅಷ್ಟರಲ್ಲಿ ಕಣ್ಣು ಯಾವಾಗ ಪೂರ್ತಿ ತೆರೆದೆನೋ ಗೊತ್ತಿಲ್ಲ. ರೆಕ್ಕೆಯ ಸಂದಿಗೆ ಬಂದಾಗ ಚಾಕು ಕೆಳಗಿಟ್ಟು ಉಗುರಿನಿಂದಲೇ ಬಿಡಿಸಿದೆ. ಬಾಬುಮಿಯಾ ಗಿರಾಕಿಗಳನ್ನು ಬಿಟ್ಟು ಬಂದು ಬಗ್ಗಿ ನೋಡಿ ಹೋಗುತ್ತಿದ್ದರು. ಇಡೀ ಚರ್ಮ ಹರಿಯದೆ ಕೈಗೆ ಬಂದಾಗ ನಾನು ರಕ್ತ, ಕೊಬ್ಬು ಮೆತ್ತಿದ ಕೈಯನ್ನು ಎತ್ತಿಹಿಡಿದು ನಕ್ಕದ್ದನ್ನು ನನ್ನ ವಿದ್ಯಾರ್ಥಿಯೊಬ್ಬನ ತಾಯಿ ನೋಡಿದರು. ಅವರು ಆಮೇಲೆ ಎಷ್ಟೋ ದಿನ ನನಗೆ ದೂರದಿಂದಲೇ ನಮಸ್ಕಾರ ಮಾಡುತ್ತಿದ್ದರು.

ತೊಳೆದು ತಂದ ಚರ್ಮದ ನೀರನ್ನು ಹೀರಿಸಲು ಹಿಟ್ಟಿನಂಥ ಏನನ್ನಾದರೂ ತಿಕ್ಕಬೇಕೆಂದು ವಿಡಿಯೊದ ಸಾಹೇಬರು ಹೇಳಿದ್ದರು. ಹಿಟ್ಟು ಅಂದರೆ ನಮ್ಮ ಕಡೆ ಇನ್ನೇನು, ಜೋಳದ ಹಿಟ್ಟು. ಧಾರಾಳವಾಗಿ ಹಾಕಿ ತಿಕ್ಕಿದೆ. ಸ್ವಲ್ಪ ಹೊತ್ತಿನಲ್ಲೇ ಕೋಳಿ ರೊಟ್ಟಿಗೆ ನಾದಿದ ಹಿಟ್ಟಾಗಿತ್ತು. ಪುಕ್ಕಗಳು ಒಂದಕ್ಕೊಂದು ಅಂಟಿ, ಎಲ್ಲಿ ಹಿಡಿದರೂ ಉಂಡೆ. ಎರಡು ದಿನ ಅದನ್ನು ತೊಳೆಯುವುದರಲ್ಲೇ ಹೋಯಿತು. ಬಡಿಗರ ಅಂಗಡಿಯ ಕಟ್ಟಿಗೆ ಹೊಟ್ಟು ತಂದಮೇಲೆ ಬುದ್ಧಿ ಬಂತು. ಹುಳು ಹಿಡಿಯದಂತೆ ಒಳಬದಿಗೆ ಹಚ್ಚಲು ಬಿಳಿಗಾರ ಬೇಕಿತ್ತು. ಅಕ್ಕಸಾಲಿಗರು ಬಳಸುವ ಪುಡಿ ಅದು, ಕಿರಾಣಿ ಅಂಗಡಿಯಲ್ಲೇ ಸಿಕ್ಕಿತು. ತಂತಿ ಮನೆ ಕಟ್ಟುವವರದು, ಚಿಮಟ ಹುಬ್ಬು ಕೀಳುವುದು, ಕಣ್ಣು ಬಳೆಗಾರನ ಹತ್ತಿರದ ಗಾಜಿನ ಮಣಿ. ಒದ್ದೆ ಚಿಂದಿಯಂತಿದ್ದ ಪುಕ್ಕಗಳು ಟೇಬಲ್ ಫ್ಯಾನಿನ ಗಾಳಿಗೆ ಒಂದೊಂದಾಗಿ ಬಿಡಿಸಿಕೊಂಡು ಉಬ್ಬಿ ನಿಂತವು. ಅದನ್ನು ನೋಡಿದ ದಿನ ನನಗಾದ ಸಂತೋಷ ದೊಡ್ಡದು. ಯಾರಿಗಾದರೂ ಹೇಳಬೇಕೆಂದು ನಮ್ಮವರಿಗೆ ಕಚೇರಿಗೇ ಫೋನು ಮಾಡಿದ್ದೆ.

ಅತ್ತೆಗೆ ಇದೆಲ್ಲ ವಾಸನೆಯಿಂದಲೇ ತಿಳಿದಿತ್ತು. ಬೈಯಲಿಲ್ಲ, ನಿಯಮ ಹಾಕಿದರು. "ಏನರೆ ಮಾಡ್ಕೋ. ಆ ಖೋಲ್ಯಾಗ ಹೋದ ಸೀರಿ ಒಳಗ ಬರಬಾರದು. ಹಿತ್ತಲದಾಗ ತಲೀಮ್ಯಾಲ ನೀರು ಹಾಕ್ಕೊಂಡು ಬಾ." ಶಹಾಬಾದದ ಬೇಸಿಗೆಯಲ್ಲಿ ಕಲ್ಲಿನ ಮನೆ ಹಂಚಿನಂತೆ ಕಾಯುತ್ತದೆ. ದಿನಕ್ಕೆ ಎರಡೆರಡು ಸಲ ತಲೆಯ ಮೇಲೆ ನೀರು ಸುರಿದುಕೊಳ್ಳುವ ಶಿಕ್ಷೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ.

ಮೊದಲ ಕೋಳಿ ಎದ್ದು ನಿಂತ ದಿನ ಗೋಡೆಯ ಮೇಲಿಟ್ಟು ದೇವಮ್ಮನನ್ನು ಕರೆದೆ. ತಲೆ ಕಳಚೀತೆಂಬ ಹೆದರಿಕೆಗೆ ಕುತ್ತಿಗೆಯ ತಂತಿ ಉದ್ದ ಬಿಟ್ಟಿದ್ದೆ. ಹೊಟ್ಟೆಯೊಳಗೆ ಎಣ್ಣೆಗಾಯಿ ಬದನೆಗೆ ತುಂಬುವ ಹಾಗೆ ಹಿಡಿದಷ್ಟೂ ತುಂಬಿದ್ದೆ. ದೇವಮ್ಮ ಅದರ ಸುತ್ತ ಒಂದು ಸಲ ಕಣ್ಣಾಡಿಸಿದಳು.

"ಟೀಚರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಮ್ಯಾಲ ಹದ್ದು ಅದ, ಕೆಳಗ ಕೊಡಪಾನ ಅದ. ನಡುವ ಕೋಳಿ ಎಲ್ಲಿ ಹೋಯ್ತು?"

"ಹಂಗಾರ ಕೋಳಿ ಹ್ಯಾಂಗ ನಿಂದ್ರತದ? ನೀನೇ ತೋರ್ಸು."

ದೇವಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಬಗ್ಗಿಸಿ, ಎದೆ ಮುಂದೆ ಮಾಡಿ, ಕತ್ತನ್ನು ಹಿಂದಕ್ಕೆಳೆದು ತನ್ನ ಅಂಗಳದಲ್ಲಿ ನಡೆದೇ ತೋರಿಸಿದಳು. "ಚುನಾವಣಿ ಗೆದ್ದೋರು ಓಣ್ಯಾಗ ಬರ್ತಾರಲ್ಲ, ಹಂಗ." ಅವಳ ಹಿಂದೆ ಗಾರ್ಡ್ ನಿಜವಾಗಿಯೇ ಹಾಗೆ ನಡೆದು ಬರುತ್ತಿದ್ದ. ನಾನು ಗೋಡೆ ಹಿಡಿದುಕೊಂಡು ನಕ್ಕೆ. ಕಟ್ಟೆಯ ಮೇಲಿನಿಂದ ಅತ್ತೆ, "ಏನಾಯ್ತಽ? ನನಗೂ ಹೇಳ್ರಿ," ಎಂದು ಕೂಗಿದರು. ಹೇಳಿದೆವು. ಕಾಣದಿದ್ದರೂ ಅವರೂ ನಕ್ಕರು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಕೋಳಿಗಳು ಕೋಳಿಯಂತೆ ಕಾಣತೊಡಗಿದ್ದವು. ಒಂದು ಶಾಲೆಯ ಕಪಾಟಿಗೆ ಹೋಯಿತು. ಇನ್ನೊಂದನ್ನು ಬಾಬುಮಿಯಾ ಕೇಳಿ ಇಸಿದುಕೊಂಡು ಅಂಗಡಿಯಲ್ಲಿಟ್ಟರು. ಅದು ಎಷ್ಟು ಚೆನ್ನಾಗಿತ್ತೆಂದರೆ ಒಬ್ಬ ಗಿರಾಕಿ ಅದನ್ನೇ ತೂಗಲು ಹೇಳಿದನಂತೆ. ಆ ಸುದ್ದಿ ಕೇಳಿ ನಾನು ನೆಲದ ಮೇಲಿರಲಿಲ್ಲ.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಬಿತ್ತು. ಕಾದ ಫರ್ಸಿಯ ಮೇಲೆ ಮೊದಲ ಹನಿ ಬಿದ್ದಾಗಿನ ವಾಸನೆಗೆ ಓಣಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಮರುದಿನ ಬೆಳಿಗ್ಗೆ ಗಾರ್ಡ್ ಕೂಗಲಿಲ್ಲ. ವಯಸ್ಸಾಗಿತ್ತು ಅವನಿಗೆ. ದೇವಮ್ಮನ ಮನೆಯ ಮುಂದಿನ ಬಂಡಿಯ ಕೆಳಗೆ, ಕಾಲು ಮಡಚಿಕೊಂಡು ಮಲಗಿದಲ್ಲೇ ಹೋಗಿದ್ದ. ನಾನು ಎದ್ದು ನೋಡಿದಾಗ ಅತ್ತೆ ಹಾಸಿಗೆಯ ಮೇಲೆ ಎದ್ದು ಕುಳಿತು, ಗೋಡೆಯ ಕಡೆ ಕಿವಿಗೊಟ್ಟಿದ್ದರು.

"ಸುಧಾ, ಬೆಳಗಾಗ್ಯದೇನು?"

"ಆಗ್ಯದ್ರಿ ಅತ್ಯಾ. ಬಿಸಿಲು ಬಂದದ."

"ಅಂವ ಕೂಗೇ ಇಲ್ಲಲ್ಲ."

ಆ ಹೊತ್ತಿಗೆ ದೇವಮ್ಮ ಗೋಡೆಯ ಹತ್ತಿರ ಬಂದಿದ್ದಳು. ಸೆರಗಿನಲ್ಲಿ ಸುತ್ತಿದ ಗಾರ್ಡ್ ಅವಳ ಕೈಯಲ್ಲಿದ್ದ. ಕಣ್ಣು ಕೆಂಪಾಗಿತ್ತು. ಅತ್ತೆಗೆ ನಾನೇ ಹೇಳಿದೆ. ಆ ದಿನ ಜೋಳದ ಬಟ್ಟಲು ತುಂಬಿದ್ದುದು ತುಂಬಿದಂತೆಯೇ ಇತ್ತು. ಸಂಜೆ ಬತ್ತಿ ಹೊಸೆಯುತ್ತ ಕುಳಿತಿದ್ದವರು ತಟ್ಟನೆ ಕೇಳಿದರು: "ಅಂವ ನೋಡ್ಲಿಕ್ಕೆ ಹ್ಯಾಂಗಿದ್ದ?"

ನಾನೂ ನಮ್ಮವರೂ ಪೈಪೋಟಿಯ ಮೇಲೆ ಹೇಳಿದೆವು. ಕುತ್ತಿಗೆ ಕೆಂಪು, ಬೆನ್ನು ಕಂದು, ಬಾಲ ಕಪ್ಪು, ಬಿಸಿಲಿಗೆ ಹಸಿರು ಹೊಡೆಯುತ್ತಿತ್ತು.

"ಬಣ್ಣ ಬಿಡ್ರಿ. ಆಕಾರ ಹೇಳ್ರಿ. ನಾ ಏನೋ ನನ್ನ ತೊಡೀಮಟ ಇರಬೇಕು ಅಂದ್ಕೊಂಡೀನಿ. ದನೀ ಹಂಗಿತ್ತು."

ನಾವು ಮುಖ ಮುಖ ನೋಡಿಕೊಂಡೆವು. ಜವಾರಿ ಹುಂಜ ಅದು, ಮೈಕಟ್ಟು ಸಣ್ಣದು. ಹೇಳಿದರೆ ಅತ್ತೆ ನಂಬಲಿಲ್ಲ. "ನನ್ನ ಕಿವಿಗೆ ಗೊತ್ತದ," ಎಂದುಬಿಟ್ಟರು. ಅವರು ಆಮೇಲೆ ಮೆಲ್ಲಗೆ ಅಂದ ಮಾತು ನನ್ನ ಎದೆಗೆ ನಾಟಿತು: "ಇಷ್ಟು ವರ್ಷ ಮಾತಾಡೀವಿ. ಮಾರಿ ಗೊತ್ತಿಲ್ಲ."

ಆಗಲೇ ನಿಶ್ಚಯಿಸಿದೆ. ಗಾರ್ಡನನ್ನು ನಿಲ್ಲಿಸಬೇಕು, ಅವನು ಹೇಗಿದ್ದನೋ ಹಾಗೆ. ಅತ್ತೆ ಕೈಯಾಡಿಸಿ ನೋಡುವಂತಾಗಬೇಕು. ಅವರು ಮುಟ್ಟುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬದುಕಿದ್ದಾಗಲೇ ನೆರಿಗೆ ಎಳೆದುಕೊಂಡವರು ಸತ್ತ ಮೇಲೆ ಮುಟ್ಟುವರೆಂದು ನಂಬುವುದು ಕಷ್ಟವೇ. ಆದರೆ ಮುಟ್ಟಬೇಕೆನಿಸಿದ ದಿನ ಅಲ್ಲಿ ಹದ್ದು ಇರಬಾರದು.

ಅಂದೇ ದೇವಮ್ಮನಿಗೂ ಹೇಳಿದೆ. ಅವಳು ಅವನನ್ನು ಇನ್ನೂ ಮಣ್ಣು ಮಾಡಿರಲಿಲ್ಲ, ಬೆನ್ನು ಸವರಿದಳು. "ಮಣ್ಣಾಗ ಇಡೂದಕ್ಕಿಂತ ನಿಮ್ ಕೈಯಾಗ ಕೊಡ್ತೀನ್ರಿ. ಆದರ ಕೊಡಪಾನ ಮಾಡಬ್ಯಾಡ್ರಿ," ಎಂದು ಗೋಡೆ ದಾಟಿಸಿದಳು.

ಇಷ್ಟು ದಿನ ಬಾಬುಮಿಯಾ ಅವರ ಕೋಳಿ ಕೆಟ್ಟರೆ ಇನ್ನೊಂದು ಬರುತ್ತಿತ್ತು. ಇದು ಕೆಟ್ಟರೆ ಇನ್ನೊಬ್ಬ ಗಾರ್ಡ್ ಇಲ್ಲ. ಒಂದು ಬೆರಳಗಲ ಬಿಡಿಸಿ, ನಿಲ್ಲಿಸಿ, ನೋಡಿ, ಮತ್ತೆ ಮುಂದೆ ಹೋಗುತ್ತ ಚರ್ಮ ಬಿಡಿಸಿದೆ. ಬಿಡಿಸಿದ ಮೈಯ ಸುತ್ತಳತೆಗೆ ಒಂದು ದಾರ, ಉದ್ದಕ್ಕೆ ಒಂದು ದಾರ ಕತ್ತರಿಸಿಟ್ಟುಕೊಂಡೆ. ಮೈಯನ್ನು ದೇವಮ್ಮ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಇನ್ನು ಒಳಗಿನ ಮೈ ಹೊಸದಾಗಿ ಆಗಬೇಕು. ಹುಲ್ಲು ಸುತ್ತಿದರೆ ಅಲ್ಲಲ್ಲಿ ಗಂಟು. ಅಂಗಡಿಯ ಹತ್ತಿ ಮುದ್ದೆಯಾಗಿ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಕಾಣುವವರ ಕಣ್ಣನ್ನು ಪುಕ್ಕ ಮರೆಸುತ್ತದೆ, ಆದರೆ ಇದನ್ನು ನೋಡುವುದು ಬೆರಳು. ಸೋತು ಕಟ್ಟೆಯ ಹತ್ತಿರ ಬಂದು ಕುಳಿತೆ.

"ಯಾಕ ಸುಮ್ಮನ ಕುಂತಿ?" ಎಂದರು ಅತ್ತೆ. ಹೇಳಿದೆ.

ಅತ್ತೆ ಹತ್ತಿಯ ಒಂದು ಎಳೆ ಬಿಡಿಸಿ ಬೆರಳಲ್ಲಿ ಹೊರಳಿಸಿದರು. "ಹತ್ತಿಗೇನು ಮೈಲಿಗಿ ಇಲ್ಲ," ಎಂದರು. "ನನ್ನ ಹತ್ರ ಇರೂತನಾ ಅದು ಹತ್ತಿ. ನಿನ್ನ ಕೈಗೆ ಬಂದಮ್ಯಾಲ ಹುಂಜ. ನಾ ಮಾಡಿ ನೆಲಕ್ಕ ಇಡ್ತೀನಿ, ನೀ ಎತ್ಕೊಂಡು ಹೋಗು."

ನನಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು, ಮಡಿಯಲ್ಲಿದ್ದರು. ತೊಳೆದ ಹೊಸ ದಾರದಲ್ಲಿ ಅವೇ ಅಳತೆ ತೆಗೆದು ನೆಲದ ಮೇಲಿಟ್ಟೆ. ಎತ್ತಿಕೊಂಡು ಗೇಣಿನಿಂದ ಅಳೆದರು. ಮತ್ತೊಮ್ಮೆ ಅಳೆದರು.

"ಸುಧಾ, ಇದು ಗುಬ್ಬೀ ದಾರ. ತಪ್ಪಿ ಹರದೀ ನೀ."

"ಇಲ್ಲರಿ ಅತ್ಯಾ, ಬರೋಬ್ಬರಿ ಅದ."

"ನೀ ಸುಮ್ಮನಿರು."

ತೆಂಗಳಿಯ ಹೊಸ ಹತ್ತಿ ಬಿಡಿಸಿ, ಪದರದ ಮೇಲೆ ಪದರ ಬಿಗಿಯಾಗಿ ಸುತ್ತುತ್ತ ಹೋದರು. ಎಲ್ಲಿಯೂ ಗಂಟಿಲ್ಲ, ತಗ್ಗಿಲ್ಲ. ಎದೆ ಮುಂದೆ ಬರಬೇಕೆಂದು ದೇವಮ್ಮ ಗೋಡೆಯ ಆಚೆಯಿಂದ ಹೇಳುತ್ತಿದ್ದಳು, ಅತ್ತೆ ಅಲ್ಲಿ ಒಂದು ಪದರ ಹೆಚ್ಚು ಸುತ್ತುತ್ತಿದ್ದರು. ಕಟ್ಟೆಯ ಮಾಡಿನ ಆಚೆ ಜಿಟಿಜಿಟಿ ಮಳೆ, ದೇವಮ್ಮನ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಮಧ್ಯಾಹ್ನ ಕಳೆದು ನೆಲಕ್ಕಿಟ್ಟಾಗ ನೋಡುತ್ತೇನೆ, ದೊಡ್ಡ ಕಲ್ಲಂಗಡಿಯಷ್ಟು ಮೈ. ಗಾರ್ಡನ ಚರ್ಮ ಅದರ ಬೆನ್ನಿಗೆ ಹೊದಿಸಿದ ಕೈವಸ್ತ್ರದ ಹಾಗೆ ಆಗುವಂತಿತ್ತು. ನಾನು ದೇವಮ್ಮನ ಮುಖ ನೋಡಿದೆ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಮನೆಯೊಳಗೆ ಓಡಿದಳು.

"ಬರೋಬ್ಬರಿ ಆಗ್ಯದಿಲ್ಲ?" ಎಂದರು ಅತ್ತೆ, ಹೆಮ್ಮೆಯಿಂದ.

"ಭಾಳ ಛಲೋ ಆಗ್ಯದ್ರಿ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಖೋಲಿಗೆ ಒಯ್ದು, ಈರುಳ್ಳಿಯ ಪದರ ತೆಗೆದಂತೆ ಒಂದೊಂದೇ ಸುತ್ತು ಬಿಚ್ಚುತ್ತ ಬಂದೆ. ಎಷ್ಟು ಬಿಚ್ಚಿದರೂ ಒಳಗೆ ಅದೇ ಆಕಾರ, ಅದೇ ಮುಂದೆ ಬಂದ ಎದೆ, ಚಿಕ್ಕದಾಗುತ್ತ ಹೋಯಿತು ಅಷ್ಟೆ. ದಾರದ ಅಳತೆಗೆ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಗಾರ್ಡನೇ. ತಂತಿ ಹಾಯಿಸಿ, ಚರ್ಮ ತೊಡಿಸಿ ಹೊಲಿದೆ. ಎಲ್ಲಿಯೂ ಎಳೆಯಬೇಕಾಗಲಿಲ್ಲ.

ಆಮೇಲೆ ಒಣಗುವ ಚಿಂತೆ. ಮಳೆ ಬಿಡುತ್ತಿರಲಿಲ್ಲ, ಕರೆಂಟ್ ಇರುತ್ತಿರಲಿಲ್ಲ. ಫ್ಯಾನ್ ನಿಂತಾಗಲೆಲ್ಲ ನಮ್ಮವರು ರಟ್ಟಿನ ಮುಚ್ಚಳ ಹಿಡಿದು ಹುಂಜಕ್ಕೆ ಗಾಳಿ ಹಾಕುತ್ತಿದ್ದರು. "ನಮ್ಮಪ್ಪಗೂ ನಾ ಇಷ್ಟು ಸೇವಾ ಮಾಡಿಲ್ಲ," ಎನ್ನುವರು. ದೇವಮ್ಮ ರೊಟ್ಟಿ ಬಡಿದಮೇಲೆ ಒಲೆಯ ಕಾವು ಆರುವ ಮೊದಲು ಅವನನ್ನು ಒಯ್ದು ಅಡುಗೆಮನೆಯಲ್ಲಿ ಕೂರಿಸಿಕೊಳ್ಳುತ್ತಿದ್ದಳು. ತಲೆಯ ಮೇಲಿನ ತುರಾಯಿ ಒಣಗಿ ಕಪ್ಪಾಯಿತು, ಕೆಂಪು ಬಣ್ಣ ಹಚ್ಚಿದೆ. ಅವಳ ಗಂಡ ಭಂಕೂರಿನಿಂದ ಅಂಗೈ ಅಗಲದ ಕಲ್ಲು ಕನ್ನಡಿಯಂತೆ ಪಾಲಿಶ್ ಮಾಡಿ ತಂದುಕೊಟ್ಟ. ಅದರ ಮೇಲೆ ಗಾರ್ಡನನ್ನು ನಿಲ್ಲಿಸಿದೆವು. ದೇವಮ್ಮ ದೂರ ಹೋಗಿ ನೋಡಿದಳು, ಹತ್ತಿರ ಬಂದು ನೋಡಿದಳು. ನನ್ನ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ಶ್ರಾವಣದ ಒಂದು ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಅತ್ತೆ ಸ್ನಾನ ಮುಗಿಸಿ, ಮಡಿಯುಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. ಪೂಜೆ ಇನ್ನೂ ಆಗಿರಲಿಲ್ಲ. ಮಡಿ ಮುಗಿಯಲಿ, ಮಧ್ಯಾಹ್ನಕ್ಕೆ ಕಾಯೋಣವೆಂದು ನಾನಂದರೂ ದೇವಮ್ಮನಿಗೆ ತಾಳ್ಮೆ ಇರಲಿಲ್ಲ. ಗಾರ್ಡನನ್ನು ಒಯ್ದು, ಯಾವಾಗಿನಂತೆ ಅತ್ತೆಯ ಮುಂದೆ, ಒಂದು ಮೊಳ ದೂರದಲ್ಲಿ ನೆಲಕ್ಕಿಟ್ಟೆ. ಕಲ್ಲಿಗೆ ಕಲ್ಲು ತಾಗಿ ಟಕ್ ಎಂದಿತು.

"ಯಾರು?" ಎಂದರು.

"ಗಾರ್ಡ್ ಬಂದಾನ್ರಿ ಅತ್ಯಾ."

ಅತ್ತೆಯ ಕೈ ತಾನಾಗಿ ನೆರಿಗೆಗೆ ಹೋಯಿತು, ಎಳೆದುಕೊಂಡಿತು. ಎತ್ತಿಕೊಂಡು ಹೋಗೋಣವೆಂದು ಬಗ್ಗಿದೆ. ಗೋಡೆಯ ಆಚೆ ದೇವಮ್ಮ, ಬಾಗಿಲಲ್ಲಿ ನಮ್ಮವರು ಕಾಯುತ್ತಿದ್ದರು. ಅತ್ತೆ ತಲೆ ಬಗ್ಗಿಸಿ ಸಪ್ಪಳ ಬಂದ ಕಡೆ ಕಿವಿಗೊಟ್ಟರು, ಅವನು ಕೂಗುವನೇನೋ ಎಂಬಂತೆ. ಆಮೇಲೆ ತೊಡೆಯ ಮೇಲಿನ ಹತ್ತಿಯನ್ನು ಪಕ್ಕಕ್ಕಿಟ್ಟರು. ಎರಡೂ ಕೈ ಮುಂದೆ ಚಾಚಿದರು.

"ನೆಲಕ್ಕ ಯಾಕ ಇಟ್ಟಿ? ಕೈಯಾಗ ಕೊಡು."

ಕೊಟ್ಟೆ. ನಾನು ಆ ಮನೆ ಸೇರಿದ ಮೇಲೆ ಮಡಿಯಲ್ಲಿದ್ದ ಅವರ ಕೈಗೆ ನನ್ನ ಕೈ ತಾಗಿದ್ದು ಅದೇ ಮೊದಲು. ಅವರ ಬೆರಳು ಮೊದಲು ಉಗುರು ಹುಡುಕಿತು. "ಹೂಂ, ಇವಽ ಟಕ್‌ಟಕ್ ಅಂತಿದ್ವು." ಅಲ್ಲಿಂದ ಕಾಲು, ಎದೆ, ಕುತ್ತಿಗೆ. ತುರಾಯಿಗೆ ಬಂದಾಗ, "ಇದೇನಿದು, ತಲೀಮ್ಯಾಲ ಗರಗಸ ಇಟ್ಕೊಂಡು ತಿರಗತಿದ್ದೇನು?" ಎಂದರು. ಮತ್ತೆ ಎರಡೂ ಅಂಗೈಯಲ್ಲಿ ಇಡೀ ಮೈಯನ್ನು ಹಿಡಿದುಕೊಂಡರು. ಅಂಗೈಯೊಳಗೆ ಅವನು ಪೂರ್ತಿ ಹಿಡಿಸಿಬಿಟ್ಟ. ಅತ್ತೆಯ ಹುಬ್ಬು ಮೇಲೇರಿತು.

"ಅಯ್ಯ, ಇಷ್ಟೇ ಏನೋ ನೀ?" ಎಂದು ಅವನನ್ನೇ ಕೇಳಿದರು. "ಇಷ್ಟು ಇದ್ದು ಅಷ್ಟು ಜಗಳಾಡಿದ್ದೇನು ನನ್ನ ಜೋಡಿ?"

ನಕ್ಕರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಸುಧಾ, ನಿನ್ನ ದಾರ ಖರೇನ ಹೇಳಿತ್ತು." ಗೋಡೆಯ ಆಚೆ ದೇವಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಅಷ್ಟರಲ್ಲಿ ನನಗೆ ಪೂಜೆಯ ನೆನಪಾಯಿತು. "ಅತ್ಯಾ, ಸ್ನಾನಕ್ಕ ಮತ್ತ ನೀರು ಕಾಸ್ಲೇನ್ರಿ?" ಎಂದೆ.

ಅವರ ಬೆರಳುಗಳು ಬೆನ್ನಿನ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು.

"ತಡಿ, ಏನವಸರ ಅದ," ಎಂದರು ಅತ್ತೆ. "ಇನ್ನಾ ಬಾಲ ನೋಡಿಲ್ಲ ನಾ."